ಕಡಲು ದಾಟಿದ ವೈದ್ಯೆ ಡಾ. ಆನಂದಿಬಾಯಿ ಜೋಶಿ

ಪ್ರವೇಶ: ಹೆರಿಗೆಯ ಹೊತ್ತಿನಲ್ಲಿ ತಾಯಿಗೂ ಕೂಸಿಗೂ ಸರಿಯಾದ ಆರೈಕೆ ಸಿಗಬೇಕೆಂಬ ಹಂಬಲದಿಂದ ಒಬ್ಬ ಹೆಣ್ಣುಮಗಳು ತನ್ನ 18ನೆಯ ವಯಸ್ಸಿನಲ್ಲಿ ಒಬ್ಬಳೇ ಕಡಲು ದಾಟಿ ಹೋದಳು. ಅಲ್ಲಿ ಕಲಿತ ವಿದ್ಯೆಯನ್ನು ನಮ್ಮ ಕೊಲ್ಹಾಪುರದಲ್ಲಿ ಬಳಸಬೇಕೆಂದು ಮರಳಿ ಬಂದಳು. ಆಕೆಯ ಚಿಕ್ಕದಾದ, ಆದರೆ ದೊಡ್ಡ ಅರ್ಥವುಳ್ಳ ಬಾಳಿನ ಕತೆ ಈ ಪಾಠದಲ್ಲಿದೆ.

ವಿದ್ಯಾರ್ಥಿಗಳೇ, ನೀವು ಗಡಹಿಂಗ್ಲಜದಿಂದ ಕೊಲ್ಹಾಪುರಕ್ಕೆ ಯಾವಾಗಲಾದರೂ ಹೋಗಿರಬಹುದು. ಮಹಾಲಕ್ಷ್ಮಿಯ ದರ್ಶನ ಮಾಡಿರುತ್ತೀರಿ, ರಂಕಾಳ ಕೆರೆಯ ದಂಡೆಯಲ್ಲಿ ಕುಳಿತಿರುತ್ತೀರಿ. ಶಾಲೆಯ ಪ್ರವಾಸದಲ್ಲಿ ಹೋಗಿದ್ದರೆ ಟೌನ್ ಹಾಲಿನ ವಸ್ತುಸಂಗ್ರಹಾಲಯವನ್ನೂ ಕಂಡಿರುತ್ತೀರಿ. ಅದರ ಎದುರಿಗೇ ಕಲ್ಲಿನ ಒಂದು ಹಳೆಯ ದೊಡ್ಡ ಕಟ್ಟಡವಿದೆ. ಅದು ಸಿ.ಪಿ.ಆರ್. ಆಸ್ಪತ್ರೆ, ಅಂದರೆ ಛತ್ರಪತಿ ಪ್ರಮಿಳಾರಾಜೆ ಆಸ್ಪತ್ರೆ. ನಮ್ಮ ಭಾಗದ ಎಷ್ಟೋ ಮನೆಗಳ ಜನ ಕಾಯಿಲೆ ಬಂದಾಗ ಈ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದಾರೆ. ಹಿಂದೆ ಇದಕ್ಕೆ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆ ಎಂದು ಹೆಸರಿತ್ತು.

1886ರಲ್ಲಿ ಈ ಆಸ್ಪತ್ರೆಯ ಹೆಂಗಸರ ವಿಭಾಗವನ್ನು ನೋಡಿಕೊಳ್ಳಲು ಕೊಲ್ಹಾಪುರ ಸಂಸ್ಥಾನವು ಒಬ್ಬ ವೈದ್ಯೆಯನ್ನು ನೇಮಿಸಿತು. ಆಗ ಆಕೆಯ ವಯಸ್ಸು ಕೇವಲ 21. ಆಕೆ ಇದ್ದದ್ದು ಸಾವಿರಾರು ಮೈಲಿ ದೂರದ ಅಮೆರಿಕದಲ್ಲಿ. ಆಗ ಗಡಹಿಂಗ್ಲಜ ಪ್ರದೇಶವೂ ಕೊಲ್ಹಾಪುರ ಸಂಸ್ಥಾನದಲ್ಲಿಯೇ ಇತ್ತು. ಹಿರಣ್ಯಕೇಶಿಯ ದಂಡೆಯ ಹಳ್ಳಿಗಳಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡುತ್ತಿದ್ದ ನಮ್ಮ ಮುತ್ತಜ್ಜಿಯರಿಗೂ ಆಕೆ ವೈದ್ಯೆಯಾಗಬೇಕಿತ್ತು. ಅವರೇ ಡಾ. ಆನಂದಿಬಾಯಿ ಜೋಶಿ.

ಆನಂದಿಬಾಯಿ ಹುಟ್ಟಿದ್ದು 1865ರ ಮಾರ್ಚ್ 31ರಂದು. ತವರಿನ ಹೆಸರು ಯಮುನಾ. ತಂದೆ ಗಣಪತರಾವ ಜೋಶಿ. ಮನೆತನ ಕಲ್ಯಾಣದ್ದು. ಒಂದು ಕಾಲಕ್ಕೆ ಹೊಲಮನೆಗಳಿಂದ ತುಂಬಿದ್ದ ಆ ಮನೆತನಕ್ಕೆ ಆಗ ಬಡತನ ಬಂದಿತ್ತು. ಅಂದಿನ ಪದ್ಧತಿಯಂತೆ ಯಮುನೆಗೆ ಒಂಬತ್ತು ವರ್ಷವಾದಾಗಲೇ ಮದುವೆಯಾಯಿತು. ವರನ ಹೆಸರು ಗೋಪಾಳರಾವ ಜೋಶಿ. ಅಂಚೆ ಇಲಾಖೆಯಲ್ಲಿ ಗುಮಾಸ್ತರು. ಮೊದಲ ಹೆಂಡತಿಯನ್ನು ಕಳೆದುಕೊಂಡಿದ್ದ ಅವರು ಯಮುನೆಗಿಂತ ಸುಮಾರು ಇಪ್ಪತ್ತು ವರ್ಷ ದೊಡ್ಡವರು. ಮದುವೆಯಲ್ಲಿ ಹುಡುಗಿಗೆ ಆನಂದಿ ಎಂಬ ಹೊಸ ಹೆಸರಿಟ್ಟರು.

ಗೋಪಾಳರಾವ ವಿಚಿತ್ರ ಸ್ವಭಾವದ ಮನುಷ್ಯ. ಹೆಂಗಸರು ಓದುಬರಹ ಕಲಿಯಬೇಕೆಂಬುದು ಅವರ ಹಟ. ಹೆಂಡತಿ ಅಡಿಗೆಮನೆಯಲ್ಲಿ ಹೊತ್ತು ಕಳೆಯುವುದನ್ನು ಕಂಡರೆ ಅವರಿಗೆ ಸಿಟ್ಟು ಬರುತ್ತಿತ್ತು. ಪುಸ್ತಕ ಹಿಡಿದು ಕುಳಿತರೆ ಸಮಾಧಾನವಾಗುತ್ತಿತ್ತು. ಆ ಕಾಲದ ಬೇರೆ ಗಂಡಂದಿರು ಹೆಂಡತಿ ಪುಸ್ತಕ ಮುಟ್ಟಿದರೆ ಗದರುತ್ತಿದ್ದರು. ಇವರು ಪುಸ್ತಕ ಬಿಟ್ಟರೆ ಗದರುತ್ತಿದ್ದರು. ಗದರಿದ್ದಷ್ಟೇ ಅಲ್ಲ, ಪುಟ್ಟ ಹುಡುಗಿಯ ಮೇಲೆ ಕೈಯನ್ನೂ ಮಾಡುತ್ತಿದ್ದರು. ಮುಂದೆ ಅಮೆರಿಕದಿಂದ ಗಂಡನಿಗೆ ಬರೆದ ಪತ್ರವೊಂದರಲ್ಲಿ ಆನಂದಿಬಾಯಿ ಆ ನೋವನ್ನು ಮುಚ್ಚಿಡದೆ ನೆನಪಿಸಿದ್ದಾರೆ. ತನ್ನ ವಿದ್ಯೆಗೆ ಗಂಡನೇ ಕಾರಣನೆಂಬುದನ್ನೂ ಅವರು ಎಂದೂ ಮರೆಯಲಿಲ್ಲ. ಮಕ್ಕಳೇ, ಒಬ್ಬರಿಂದ ನಮಗೆ ಉಪಕಾರವಾಗಿರಬಹುದು, ಅವರಿಂದಲೇ ನೋವೂ ಆಗಿರಬಹುದು. ಎರಡನ್ನೂ ಇದ್ದಂತೆ ಹೇಳುವುದಕ್ಕೆ ಧೈರ್ಯ ಬೇಕು. ಆ ಧೈರ್ಯ ಆನಂದಿಬಾಯಿಗೆ ಇತ್ತು.

ಗೋಪಾಳರಾವರಿಗೆ ಊರಿಂದೂರಿಗೆ ವರ್ಗವಾಗುತ್ತಿತ್ತು. ಅಲಿಬಾಗ, ಕೊಲ್ಹಾಪುರ, ಮುಂಬಯಿ, ಕಚ್ಛದ ಭುಜ್, ಕಲ್ಕತ್ತೆ, ಹೀಗೆ ಆನಂದಿಬಾಯಿ ಗಂಡನೊಡನೆ ಊರೂರು ತಿರುಗಿದರು. ಎಲ್ಲಿ ಹೋದರೂ ಪಾಠ ನಿಲ್ಲಲಿಲ್ಲ. ಮರಾಠಿ ಆಯಿತು, ಸಂಸ್ಕೃತ ಆಯಿತು, ಇಂಗ್ಲಿಷ್ ಆಯಿತು. ಮುಂಬಯಿಯಲ್ಲಿ ಶಾಲೆಗೂ ಹೋದರು. ಮದುವೆಯಾದ ಹೆಣ್ಣು ಕೈಯಲ್ಲಿ ಪುಸ್ತಕ ಹಿಡಿದು ಬೀದಿಯಲ್ಲಿ ನಡೆದು ಹೋಗುವುದನ್ನು ಕಂಡು ಜನ ನಿಂತು ನೋಡುತ್ತಿದ್ದರು, ನಗುತ್ತಿದ್ದರು, ಕೆಟ್ಟ ಮಾತನ್ನೂ ಆಡುತ್ತಿದ್ದರು. ಆನಂದಿಬಾಯಿ ತಲೆ ತಗ್ಗಿಸಿಕೊಂಡು ಹೋದರು, ಆದರೆ ಹೋಗುವುದನ್ನು ಬಿಡಲಿಲ್ಲ.

ಈ ನಡುವೆ ಅವರ ಬಾಳಿನಲ್ಲಿ ಒಂದು ದೊಡ್ಡ ದುಃಖ ಬಂದಿತು. 14ನೆಯ ವಯಸ್ಸಿನಲ್ಲಿ ಅವರಿಗೆ ಗಂಡುಕೂಸು ಹುಟ್ಟಿತು. ಆ ಕೂಸು ಬದುಕಿದ್ದು ಹತ್ತೇ ದಿನ. ತಕ್ಕ ವೈದ್ಯಕೀಯ ಆರೈಕೆ ಸಿಕ್ಕಿದ್ದರೆ ತನ್ನ ಕೂಸು ಉಳಿಯುತ್ತಿತ್ತೆಂಬ ಕೊರಗು ಆ ಎಳೆಯ ತಾಯಿಯ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಅಂಥ ದುಃಖ ಆಗ ಎಷ್ಟೋ ಮನೆಗಳಲ್ಲಿ ಇತ್ತು. ಹಣೆಬರಹವೆಂದು ಕಣ್ಣೀರು ಒರೆಸಿಕೊಂಡು ಜನ ಸುಮ್ಮನಾಗುತ್ತಿದ್ದರು. ಆನಂದಿಬಾಯಿ ಸುಮ್ಮನಾಗಲಿಲ್ಲ. ತಾನೇ ವೈದ್ಯಳಾಗಬೇಕೆಂದು ನಿಶ್ಚಯಿಸಿದರು.

ಇಲ್ಲಿ ಸ್ವಲ್ಪ ನಿಂತು, ಆ ಕಾಲದಲ್ಲಿ ಹೆರಿಗೆ ಹೇಗೆ ಆಗುತ್ತಿತ್ತೆಂಬುದನ್ನು ತಿಳಿದುಕೊಳ್ಳೋಣ. ನಮ್ಮ ಹಿರಿಯರು ಹೆರಿಗೆಯನ್ನು ಹೆಣ್ಣಿನ ಮರುಜನ್ಮವೆಂದು ಕರೆಯುತ್ತಿದ್ದರು. ಅದು ಬರೀ ಮಾತಲ್ಲ. ಮನೆಯ ಒಂದು ಮೂಲೆಯಲ್ಲಿ, ಗಾಳಿ ಬೆಳಕು ಇಲ್ಲದ ಕೋಣೆಯಲ್ಲಿ ಹೆರಿಗೆಯಾಗುತ್ತಿತ್ತು. ಊರಿನ ಸೂಲಗಿತ್ತಿ ಬರುತ್ತಿದ್ದಳು. ಸೂಲಗಿತ್ತಿಯರಲ್ಲಿ ಬಹಳ ಕುಶಲರಾದವರು ಇದ್ದರು. ಅವರ ಕೈಗುಣವನ್ನು ಅಲ್ಲಗಳೆಯುವಂತಿಲ್ಲ. ನಮ್ಮ ಕಾಲದಲ್ಲಿಯೂ ಕರ್ನಾಟಕದ ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮ ಸಾವಿರಾರು ಹೆರಿಗೆಗಳನ್ನು ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಆದರೆ ಹೊಕ್ಕುಳಬಳ್ಳಿಯನ್ನು ಕತ್ತರಿಸುವ ಕುಡುಗೋಲನ್ನೋ ಕತ್ತಿಯನ್ನೋ ಕುದಿಯುವ ನೀರಿನಲ್ಲಿ ಶುದ್ಧ ಮಾಡಬೇಕೆಂಬುದು ಅಂದಿನವರಿಗೆ ತಿಳಿದಿರಲಿಲ್ಲ. ಅದರಿಂದ ಕೂಸಿಗೆ ಧನುರ್ವಾಯು ಆಗುತ್ತಿತ್ತು, ಬಾಣಂತಿಗೆ ನಂಜು ಏರುತ್ತಿತ್ತು. ಕೂಸು ಅಡ್ಡ ತಿರುಗಿದ್ದರೆ, ರಕ್ತಸ್ರಾವ ನಿಲ್ಲದಿದ್ದರೆ, ಮುಂದೆ ಏನು ಮಾಡಬೇಕೆಂಬುದು ಯಾರಿಗೂ ತೋಚುತ್ತಿರಲಿಲ್ಲ.

ಇದು ನಮ್ಮ ದೇಶದ ಕತೆ ಮಾತ್ರವೆಂದು ತಿಳಿಯಬೇಡಿ. ಯುರೋಪಿನ ದೊಡ್ಡ ಆಸ್ಪತ್ರೆಗಳಲ್ಲಿಯೂ ಬಾಣಂತಿಯರು ಜ್ವರ ಬಂದು ಸಾಯುತ್ತಿದ್ದರು. 1847ರಲ್ಲಿ ವಿಯೆನ್ನಾದ ಸೆಮೆಲ್ವೈಸ್ ಎಂಬ ವೈದ್ಯ, ಹೆರಿಗೆ ಮಾಡಿಸುವ ವೈದ್ಯರು ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆದುಕೊಳ್ಳಬೇಕೆಂದು ನಿಯಮ ಮಾಡಿದ. ಅಷ್ಟರಿಂದಲೇ ಆ ವಿಭಾಗದಲ್ಲಿ ಬಾಣಂತಿಯರ ಸಾವು ತಟ್ಟನೆ ಇಳಿಯಿತು. ಆದರೂ ಅವನ ಮಾತನ್ನು ಅಂದಿನ ವೈದ್ಯರು ನಂಬಲಿಲ್ಲ. 1867ರಲ್ಲಿ ಬ್ರಿಟನ್ನಿನ ಲಿಸ್ಟರ್ ಕಾರ್ಬಾಲಿಕ್ ಆಮ್ಲ ಬಳಸಿ ಗಾಯ ನಂಜಾಗದಂತೆ ತಡೆಯುವ ಬಗೆಯನ್ನು ತೋರಿಸಿದ ಮೇಲೆ ಈ ತಿಳಿವಳಿಕೆ ನಿಧಾನವಾಗಿ ಹಬ್ಬಿತು. ಆನಂದಿಬಾಯಿ ವೈದ್ಯವಿದ್ಯೆಯ ಕನಸು ಕಂಡದ್ದು ಇಂಥ ಹೊಸ ತಿಳಿವಳಿಕೆ ಹುಟ್ಟುತ್ತಿದ್ದ ಕಾಲದಲ್ಲಿ.

ನಮ್ಮಲ್ಲಿ ಇನ್ನೊಂದು ತೊಡಕು ಇತ್ತು. ಊರಿನಲ್ಲಿ ಡಾಕ್ಟರರು ಇದ್ದರೂ ಅವರು ಗಂಡಸರು. ಪರಪುರುಷನಿಗೆ ಮೈ ತೋರಿಸುವುದಕ್ಕಿಂತ ಸಾಯುವುದು ಮೇಲೆಂದು ಹೆಂಗಸರು ತಿಳಿದಿದ್ದರು. ಹೀಗಾಗಿ ಔಷಧ ಬಾಗಿಲಲ್ಲಿ ಇದ್ದರೂ ಒಳಗೆ ಬರುತ್ತಿರಲಿಲ್ಲ. ಹೆಂಗಸರ ನೋವನ್ನು ಹೆಂಗಸರೇ ವೈದ್ಯರಾಗಿ ನೋಡಬೇಕು. ಇದೇ ಆನಂದಿಬಾಯಿ ಕಂಡುಕೊಂಡ ದಾರಿ.

ಈ ದಾರಿಗೆ ಮೊದಲ ಹೆಜ್ಜೆ ಬಿದ್ದದ್ದು ಕೊಲ್ಹಾಪುರದಲ್ಲಿಯೇ. ಅಲ್ಲಿದ್ದಾಗ ಗೋಪಾಳರಾವರಿಗೆ ಅಮೆರಿಕದ ಪಾದ್ರಿಗಳ ಪರಿಚಯವಾಯಿತು. ಹೆಂಡತಿಯನ್ನು ಅಮೆರಿಕದಲ್ಲಿ ಓದಿಸಲು ನೆರವಾಗಬೇಕೆಂದು ಅವರು 1878ರಲ್ಲಿ ಪತ್ರ ಬರೆದರು. ಆ ಪತ್ರ ರಾಯಲ್ ವೈಲ್ಡರ್ ಎಂಬುವರಿಗೆ ತಲುಪಿತು. ವೈಲ್ಡರ್ ಕೊಲ್ಹಾಪುರದಲ್ಲಿ ಬಹಳ ವರ್ಷ ಇದ್ದು ಅಮೆರಿಕಕ್ಕೆ ಮರಳಿದ್ದರು. ಅಲ್ಲಿ ಒಂದು ಪತ್ರಿಕೆ ನಡೆಸುತ್ತಿದ್ದರು. ಗಂಡಹೆಂಡಿರು ಕ್ರೈಸ್ತಮತಕ್ಕೆ ಸೇರುವುದಾದರೆ ನೆರವು ಸಿಗಬಹುದೆಂಬ ಉತ್ತರ ಬಂದಿತು. ಇದು ಆನಂದಿಬಾಯಿಗೂ ಒಪ್ಪಿಗೆಯಾಗಲಿಲ್ಲ, ಗೋಪಾಳರಾವರಿಗೂ ಒಪ್ಪಿಗೆಯಾಗಲಿಲ್ಲ. ಮಾತು ಅಲ್ಲಿಗೇ ಮುಗಿಯಿತೆಂದು ತೋರಿತು.

ಆದರೆ ಈ ಪತ್ರವ್ಯವಹಾರವನ್ನು ವೈಲ್ಡರ್ ತಮ್ಮ ಪತ್ರಿಕೆಯಲ್ಲಿ ಅಚ್ಚು ಮಾಡಿದ್ದರು. 1880ರಲ್ಲಿ ನ್ಯೂಜೆರ್ಸಿಯ ರೊಸೆಲ್ ಎಂಬ ಊರಿನ ಥಿಯೋಡಿಸಿಯಾ ಕಾರ್ಪೆಂಟರ್ ಎಂಬ ಮಹಿಳೆ ಹಲ್ಲಿನ ವೈದ್ಯರಲ್ಲಿಗೆ ಹೋಗಿದ್ದರು. ತಮ್ಮ ಸರದಿಗಾಗಿ ಕಾಯುತ್ತ ಕುಳಿತಾಗ ಅಲ್ಲಿದ್ದ ಆ ಪತ್ರಿಕೆಯನ್ನು ಕೈಗೆತ್ತಿಕೊಂಡರು. ದೂರದ ಕೊಲ್ಹಾಪುರದ ಒಬ್ಬ ಹುಡುಗಿ ಓದಲು ಹಂಬಲಿಸುತ್ತಿರುವ ಸಂಗತಿ ಅವರ ಮನಸ್ಸನ್ನು ತಟ್ಟಿತು. ಯಾವ ಷರತ್ತೂ ಇಲ್ಲದೆ ನೆರವಾಗುವುದಾಗಿ ಅವರು ಪತ್ರ ಬರೆದರು. ಇಬ್ಬರಿಗೂ ಪತ್ರಗಳ ಮೂಲಕವೇ ನಂಟು ಬೆಳೆಯಿತು. ಆನಂದಿಬಾಯಿ ಅವರನ್ನು ಪ್ರೀತಿಯಿಂದ ಮಾವಶಿ ಎಂದು ಕರೆಯತೊಡಗಿದರು. ಮಾವಶಿ ಎಂದರೆ ತಾಯಿಯ ಸಹೋದರಿ ಎಂಬುದು ನಮ್ಮ ಗಡಿಭಾಗದ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ!

1883ರ ಹೊತ್ತಿಗೆ ಜೋಶಿ ದಂಪತಿಗಳು ಬಂಗಾಲದ ಸೇರಾಂಪುರದಲ್ಲಿ ಇದ್ದರು. ಆನಂದಿಬಾಯಿಯ ಆರೋಗ್ಯ ಆಗಲೇ ಕೆಟ್ಟಿತ್ತು. ಮೇಲಿಂದ ಮೇಲೆ ತಲೆನೋವು, ಜ್ವರ, ಆಯಾಸ. ಮಾವಶಿ ಅಮೆರಿಕದಿಂದ ಔಷಧ ಕಳಿಸಿದರೂ ಗುಣ ಕಾಣಲಿಲ್ಲ. ಹೀಗಿದ್ದರೂ ಹೋಗುವ ನಿರ್ಧಾರ ಬದಲಾಗಲಿಲ್ಲ. ಗೋಪಾಳರಾವರಿಗೆ ಜೊತೆಯಲ್ಲಿ ಹೋಗುವ ಅನುಕೂಲವಿರಲಿಲ್ಲ. ಆದ್ದರಿಂದ ಒಬ್ಬಳೇ ಹೋಗುವುದೆಂದು ಗೊತ್ತಾಯಿತು. ಮದುವೆಯಾದ ಹಿಂದೂ ಹೆಣ್ಣು ಗಂಡನನ್ನು ಬಿಟ್ಟು ಒಬ್ಬಳೇ ಕಡಲು ದಾಟುವುದೆಂದರೇನು? ಊರೆಲ್ಲ ಗುಲ್ಲೆದ್ದಿತು. ಟೀಕೆಯ ಮಾತುಗಳು ಬೆನ್ನುಹತ್ತಿದವು.

ಆನಂದಿಬಾಯಿ ಮನೆಯಲ್ಲಿ ಅಡಗಿ ಕೂಡಲಿಲ್ಲ. 1883ರ ಫೆಬ್ರುವರಿ 24ರಂದು ಸೇರಾಂಪುರ ಕಾಲೇಜಿನ ಸಭಾಂಗಣದಲ್ಲಿ ಜನರ ಮುಂದೆ ನಿಂತು ಇಂಗ್ಲಿಷಿನಲ್ಲಿ ಭಾಷಣ ಮಾಡಿದರು. ಆಗ ಅವರಿಗೆ 18 ವರ್ಷ ತುಂಬಿರಲಿಲ್ಲ. ಜನ ತನಗೆ ಕೇಳುತ್ತಿದ್ದ ಆರು ಪ್ರಶ್ನೆಗಳನ್ನು ತಾವೇ ಎತ್ತಿಕೊಂಡು ಒಂದೊಂದಕ್ಕೂ ಉತ್ತರ ಕೊಟ್ಟರು. ಅಮೆರಿಕಕ್ಕೆ ಏಕೆ ಹೋಗಬೇಕು? ನಮ್ಮ ದೇಶದಲ್ಲಿ ಹೆಂಗಸರಿಗಾಗಿ ಹೆಂಗಸರಾದ ವೈದ್ಯರು ಬೇಕಾಗಿದ್ದಾರೆ, ಅದಕ್ಕಾಗಿ. ಇಲ್ಲಿಯೇ ಕಲಿಯಲು ಬರುವುದಿಲ್ಲವೇ? ಮದರಾಸಿನಲ್ಲಿ ಒಂದು ಕಾಲೇಜಿದೆ, ಬೇರೆ ಕಡೆ ಸೂಲಗಿತ್ತಿ ವಿದ್ಯೆಯ ತರಗತಿಗಳಿವೆ. ಆದರೆ ಅಲ್ಲಿ ಸಿಗುವ ಶಿಕ್ಷಣ ಸಾಲದು. ಒಬ್ಬಳೇ ಏಕೆ? ಗಂಡನ ಸಂಸಾರದ ಹೊಣೆಗಳು ಅಡ್ಡ ಬಂದಿವೆ. ಜಾತಿಯಿಂದ ಹೊರಗೆ ಹಾಕಿದರೆ? ಇಲ್ಲಿ ಉಣ್ಣುವಂತೆ ಅಲ್ಲಿಯೂ ಉಣ್ಣುತ್ತೇನೆ, ಇಲ್ಲಿ ಉಡುವಂತೆ ಅಲ್ಲಿಯೂ ಉಡುತ್ತೇನೆ; ಹಾಗಿರುವಾಗ ಹೆದರಿಕೆ ಏಕೆ? ಕೆಡುಕು ಬಂದರೆ? ಬಂದದ್ದನ್ನು ಎದುರಿಸುವುದು. ಬೇರೆ ಯಾವ ಹೆಂಗಸೂ ಮಾಡದ್ದನ್ನು ನೀನೇ ಏಕೆ ಮಾಡಬೇಕು? ಒಬ್ಬೊಬ್ಬರಿಗೂ ಸಮಾಜದ ಋಣವಿದೆ. ಯಾರೂ ಮಾಡಿಲ್ಲವೆಂಬುದು ತಾನೂ ಮಾಡದಿರಲು ಕಾರಣವಾಗದು. ಇದು ಅವರ ಉತ್ತರಗಳ ತಾತ್ಪರ್ಯ. ಈ ಭಾಷಣದ ಸುದ್ದಿ ಹಬ್ಬಿ ದೇಶದ ಹಲವು ಕಡೆಗಳಿಂದ ನೆರವು ಬಂದಿತು.

1883ರ ಏಪ್ರಿಲ್ 7ರಂದು ಕಲ್ಕತ್ತೆಯಿಂದ ಹಡಗು ಹೊರಟಿತು. ಸುಮಾರು ಎರಡು ತಿಂಗಳ ಪ್ರಯಾಣ. ಆಹಾರದ ನಿಯಮವನ್ನು ಬಿಡದ ಆನಂದಿಬಾಯಿಗೆ ಹಡಗಿನಲ್ಲಿ ತಿನ್ನಲು ಬರುವಂಥ ಪದಾರ್ಥಗಳು ಸಿಕ್ಕಿದ್ದು ಕೆಲವೇ. ಜೂನ್ 4ರಂದು ನ್ಯೂಯಾರ್ಕ್ ಮುಟ್ಟಿದರು. ಬಂದರಿನಲ್ಲಿ ಥಿಯೋಡಿಸಿಯಾ ಮಾವಶಿ ಕಾದು ನಿಂತಿದ್ದರು. ಪತ್ರದಲ್ಲಿ ಕಂಡ ಮಾವಶಿಯನ್ನು ಆನಂದಿಬಾಯಿ ಕಣ್ಣಾರೆ ಕಂಡದ್ದು ಅಂದೇ. ಆ ಬೇಸಿಗೆಯನ್ನು ರೊಸೆಲ್ಲಿನ ಆ ಮನೆಯಲ್ಲಿ ಮಗಳಂತೆ ಕಳೆದರು.

ಫಿಲಡೆಲ್ಫಿಯಾ ನಗರದಲ್ಲಿ ಪೆನ್ಸಿಲ್ವೇನಿಯಾ ಮಹಿಳಾ ವೈದ್ಯಕೀಯ ಕಾಲೇಜು ಇತ್ತು. 1850ರಲ್ಲಿ ಸ್ಥಾಪನೆಯಾದ ಅದು, ಹೆಂಗಸರಿಗೆ ವೈದ್ಯವಿದ್ಯೆ ಕಲಿಸಲೆಂದೇ ಹುಟ್ಟಿದ ಜಗತ್ತಿನ ಮೊದಮೊದಲ ಕಾಲೇಜುಗಳಲ್ಲಿ ಒಂದು. ಅದರ ಮುಖ್ಯಸ್ಥೆ ರೇಚಲ್ ಬಾಡ್ಲಿ ರಸಾಯನಶಾಸ್ತ್ರದ ಪಂಡಿತೆ. ತನ್ನನ್ನು ಸೇರಿಸಿಕೊಳ್ಳಬೇಕೆಂದು ಆನಂದಿಬಾಯಿ ಬರೆದ ಅರ್ಜಿಯಲ್ಲಿ ತನ್ನ ಬಡ ಅಕ್ಕತಂಗಿಯರ ಸಂಕಟವನ್ನೇ ಮುಂದಿಟ್ಟರು. ಪುರುಷ ವೈದ್ಯರ ಆರೈಕೆಯನ್ನು ಪಡೆಯುವುದಕ್ಕಿಂತ ಸಾವನ್ನು ಒಪ್ಪುವ ಹೆಂಗಸರಿಗೆ ನಿಜವಾದ ನೆರವು ಮುಟ್ಟಿಸುವುದೇ ತನ್ನ ಗುರಿಯೆಂದು ತಿಳಿಸಿದರು. ಬಾಡ್ಲಿ ಅವರನ್ನು ಸೇರಿಸಿಕೊಂಡರು, ವಿದ್ಯಾರ್ಥಿವೇತನವನ್ನೂ ಕೊಡಿಸಿದರು. 1883ರ ಅಕ್ಟೋಬರದಲ್ಲಿ ಓದು ಆರಂಭವಾಯಿತು.

ಮೂರು ವರ್ಷಗಳ ಆ ಓದು ಸುಲಭದ್ದಾಗಿರಲಿಲ್ಲ. ಶರೀರರಚನೆ, ಔಷಧವಿದ್ಯೆ, ರಸಾಯನಶಾಸ್ತ್ರ, ಪ್ರಸೂತಿಶಾಸ್ತ್ರ, ಎಲ್ಲವೂ ಪರಭಾಷೆಯಲ್ಲಿ. ಮೇಲೆ ಫಿಲಡೆಲ್ಫಿಯಾದ ಚಳಿ. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ. ಕೋಣೆಯ ಒಲೆ ಸರಿಯಾಗಿ ಉರಿಯದೆ ಹೊಗೆ ತುಂಬುತ್ತಿತ್ತು. ಆನಂದಿಬಾಯಿ ಸೀರೆಯನ್ನೇ ಉಡುತ್ತಿದ್ದರು, ಸಸ್ಯಾಹಾರವನ್ನೇ ತಾವೇ ಬೇಯಿಸಿಕೊಂಡು ಉಣ್ಣುತ್ತಿದ್ದರು. ಕೊಟ್ಟ ಮಾತನ್ನು ಉಳಿಸಿಕೊಂಡರು. ಆದರೆ ಮೊದಲೇ ಸೊರಗಿದ್ದ ಮೈ ಇನ್ನಷ್ಟು ಸೊರಗಿತು. ಕೊನೆಗೆ ಕ್ಷಯರೋಗ ಅವರನ್ನು ಹಿಡಿಯಿತು. ಆ ಕಾಲದಲ್ಲಿ ಕ್ಷಯಕ್ಕೆ ಮದ್ದು ಇರಲಿಲ್ಲ.

ಆ ಕಾಲೇಜಿನಲ್ಲಿ ಅವರು ಒಂಟಿಯಾಗಿರಲಿಲ್ಲ. 1885ರ ಅಕ್ಟೋಬರ್ 10ರಂದು ತೆಗೆದ ಒಂದು ಛಾಯಾಚಿತ್ರ ಇಂದಿಗೂ ಉಳಿದಿದೆ. ಅದರಲ್ಲಿ ಮೂವರು ವಿದ್ಯಾರ್ಥಿನಿಯರು ತಮ್ಮ ತಮ್ಮ ನಾಡಿನ ಉಡುಪಿನಲ್ಲಿ ಕುಳಿತಿದ್ದಾರೆ. ಸೀರೆಯುಟ್ಟವರು ಆನಂದಿಬಾಯಿ. ಇನ್ನಿಬ್ಬರಲ್ಲಿ ಒಬ್ಬರು ಜಪಾನಿನ ಕೆಯಿ ಒಕಾಮಿ, ಮತ್ತೊಬ್ಬರು ಸಿರಿಯಾದ ಸಬಾತ್ ಇಸ್ಲಾಂಬೂಲಿ. ಮೂರು ನಾಡು, ಮೂರು ಭಾಷೆ, ಮೂರು ಬೇರೆ ಉಡುಪು. ಆದರೆ ಮೂವರೂ ಬಂದದ್ದು ಒಂದೇ ಕೊರತೆಯಿಂದ. ಮೂವರ ನಾಡಿನಲ್ಲಿಯೂ ಹೆಂಗಸರ ನೋವು ನೋಡುವ ಹೆಣ್ಣು ವೈದ್ಯರು ಸಾಲದಾಗಿದ್ದರು.

ಓದಿನ ಕೊನೆಯಲ್ಲಿ ಪ್ರತಿ ವಿದ್ಯಾರ್ಥಿನಿಯೂ ಒಂದು ಪ್ರಬಂಧ ಬರೆಯಬೇಕಿತ್ತು. ಆನಂದಿಬಾಯಿ ಆರಿಸಿಕೊಂಡ ವಿಷಯ ಪ್ರಾಚೀನ ಆರ್ಯ ಹಿಂದೂಗಳಲ್ಲಿ ಪ್ರಸೂತಿಶಾಸ್ತ್ರ. ಗರ್ಭಿಣಿಯ ಆರೈಕೆ, ಹೆರಿಗೆಯ ಕ್ರಮ, ಹುಟ್ಟಿದ ಕೂಸಿನ ಜೋಪಾನ, ಇವುಗಳ ಬಗ್ಗೆ ನಮ್ಮ ಹಳೆಯ ಶಾಸ್ತ್ರಗಳು ಏನು ಹೇಳಿವೆ ಎಂಬುದನ್ನು ಅವರು ಸಂಸ್ಕೃತ ಗ್ರಂಥಗಳ ಆಧಾರದಿಂದ ಬರೆದರು. ಇದನ್ನು ಗಮನಿಸಿರಿ. ಹೊಸ ವಿದ್ಯೆ ಕಲಿಯಲು ಹೋದ ಅವರು ತಮ್ಮ ನಾಡಿನ ತಿಳಿವಳಿಕೆಯನ್ನು ಕೀಳೆಂದು ಎಸೆಯಲಿಲ್ಲ. ಅದು ನಮ್ಮದೆಂಬ ಕಾರಣಕ್ಕೆ ಹೊಸದನ್ನು ಬೇಡವೆನ್ನಲೂ ಇಲ್ಲ. ಎರಡನ್ನೂ ಓದಿದರು.

1886ರ ಮಾರ್ಚ್ 11ರಂದು ಪದವಿದಾನ ಸಮಾರಂಭ ನಡೆಯಿತು. ಆನಂದಿಬಾಯಿಗೆ ಎಂ.ಡಿ. ಪದವಿ ದೊರೆಯಿತು. ಪಾಶ್ಚಾತ್ಯ ವೈದ್ಯವಿದ್ಯೆಯಲ್ಲಿ ಪದವಿ ಪಡೆದ ಮೊದಲ ಭಾರತೀಯ ಮಹಿಳೆಯರಲ್ಲಿ ಅವರು ಒಬ್ಬರಾದರು. ಅದೇ ವರ್ಷ ಕಲ್ಕತ್ತೆಯಲ್ಲಿ ಕಾದಂಬಿನಿ ಗಂಗೂಲಿ ಎಂಬುವರೂ ವೈದ್ಯೆಯಾದರು. ಆನಂದಿಬಾಯಿಯ ಸಮಾರಂಭಕ್ಕೆ ಗೋಪಾಳರಾವ ಬಂದಿದ್ದರು. ಅವರು ಹಿಂದಿನ ವರ್ಷವೇ ಅಮೆರಿಕ ಮುಟ್ಟಿದ್ದರು. ಪಂಡಿತಾ ರಮಾಬಾಯಿಯವರೂ ಕಡಲು ದಾಟಿ ಬಂದು ಆ ಸಂತೋಷದಲ್ಲಿ ಪಾಲುಗೊಂಡರು.

ಕೊಲ್ಹಾಪುರ ಸಂಸ್ಥಾನದ ಕರೆ ಬಂದದ್ದು ಇದೇ ವರ್ಷ. ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಹೆಂಗಸರ ವಿಭಾಗವನ್ನು ವಹಿಸಿಕೊಳ್ಳಬೇಕೆಂದು ಸಂಸ್ಥಾನ ಕೇಳಿಕೊಂಡಿತು. ಆನಂದಿಬಾಯಿ ಒಪ್ಪಿದರು. ಯಾವ ಊರಿನಿಂದ ಹೊರಟ ಪತ್ರ ಅವರನ್ನು ಅಮೆರಿಕಕ್ಕೆ ಒಯ್ದಿತ್ತೋ ಅದೇ ಊರು ಅವರನ್ನು ವೈದ್ಯೆಯಾಗಿ ಮರಳಿ ಕರೆಯಿತು. 1886ರ ಅಕ್ಟೋಬರದಲ್ಲಿ ಗಂಡಹೆಂಡಿರು ಅಮೆರಿಕ ಬಿಟ್ಟರು. ನವೆಂಬರದಲ್ಲಿ ಮುಂಬಯಿ ಮುಟ್ಟಿದರು. ಹಿಂದೆ ಯಾವ ಊರಿನ ಬೀದಿಯಲ್ಲಿ ಜನ ನಕ್ಕಿದ್ದರೋ ಅಲ್ಲಿ ಈಗ ಸ್ವಾಗತ ದೊರೆಯಿತು.

ಆದರೆ, ಮಕ್ಕಳೇ, ಕತೆ ನಾವು ಬಯಸಿದಂತೆ ಮುಂದುವರಿಯಲಿಲ್ಲ. ಕ್ಷಯ ಬಹಳ ಬಲಿತಿತ್ತು. ಚಿಕಿತ್ಸೆಗೆಂದು ಅವರನ್ನು ಪುಣೆಗೆ ಕರೆದೊಯ್ದರು. ಕೊಲ್ಹಾಪುರದ ಆಸ್ಪತ್ರೆಯಲ್ಲಿ ಅವರಿಗಾಗಿ ಇಟ್ಟ ಸ್ಥಾನ ಹಾಗೆಯೇ ಉಳಿಯಿತು. 1887ರ ಫೆಬ್ರುವರಿ 26ರಂದು ಡಾ. ಆನಂದಿಬಾಯಿ ಜೋಶಿ ಪುಣೆಯಲ್ಲಿ ತೀರಿಕೊಂಡರು. 22 ವರ್ಷ ತುಂಬಲು ಇನ್ನೂ ಒಂದು ತಿಂಗಳು ಬಾಕಿ ಇತ್ತು. ಕಡಲಾಚೆ ಕಲಿತ ವಿದ್ಯೆಯನ್ನು ನಮ್ಮ ನಾಡಿನ ಬಾಣಂತಿಯರಿಗೆ ಮುಟ್ಟಿಸುವ ಅವಕಾಶ ಅವರಿಗೆ ಸಿಗಲೇ ಇಲ್ಲ. ಅವರ ಚಿತಾಭಸ್ಮವನ್ನು ಥಿಯೋಡಿಸಿಯಾ ಮಾವಶಿಗೆ ಕಳುಹಿಸಲಾಯಿತು. ಮಾವಶಿ ಅದನ್ನು ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿ ಎಂಬ ಊರಿನಲ್ಲಿ, ತಮ್ಮ ಕುಟುಂಬದವರ ಸಮಾಧಿಗಳ ನಡುವೆ ಇರಿಸಿದರು.

ಹಾಗಾದರೆ ಅವರ ಶ್ರಮವೆಲ್ಲ ವ್ಯರ್ಥವಾಯಿತೇ? ಈ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಬರುವುದು ಸಹಜ. ಅವರ ಕೈಯಿಂದ ಒಂದು ಹೆರಿಗೆಯೂ ಕೊಲ್ಹಾಪುರದಲ್ಲಿ ಆಗಲಿಲ್ಲ, ನಿಜ. ಆದರೆ ದಾರಿ ತೆರೆದಿತ್ತು. ಹೆಣ್ಣು ವೈದ್ಯೆಯಾಗಬಲ್ಲಳೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಅದೇ ಫಿಲಡೆಲ್ಫಿಯಾ ಕಾಲೇಜಿನಿಂದ 1892ರಲ್ಲಿ ಗುರುಬಾಯಿ ಕರಮರಕರ ಪದವಿ ಪಡೆದು ಬಂದು ಮುಂಬಯಿಯಲ್ಲಿ ಸೇವೆ ಮಾಡಿದರು. ಲಂಡನ್ನಿನಲ್ಲಿ ಓದಿದ ರಖಮಾಬಾಯಿ 1894ರಲ್ಲಿ ವೈದ್ಯೆಯಾಗಿ, ಸೂರತ್ ಮತ್ತು ರಾಜಕೋಟಗಳಲ್ಲಿ ಹೆಂಗಸರ ಆಸ್ಪತ್ರೆಗಳನ್ನು ಬಹುಕಾಲ ನಡೆಸಿದರು.

ಕೊಲ್ಹಾಪುರದಲ್ಲಿಯೂ ಆ ಸ್ಥಾನ ಬರಿದಾಗಿ ಉಳಿಯಲಿಲ್ಲ. 1894ರಲ್ಲಿ ರಾಜರ್ಷಿ ಶಾಹು ಮಹಾರಾಜರು ಅಧಿಕಾರ ವಹಿಸಿಕೊಂಡರು. ಅವರ ಪ್ರೋತ್ಸಾಹದಿಂದ ಕೃಷ್ಣಾಬಾಯಿ ಕೇಳವಕರ ಎಂಬ ಹೆಣ್ಣುಮಗಳು ವೈದ್ಯವಿದ್ಯೆ ಕಲಿತರು. ಹೆಚ್ಚಿನ ಕಲಿಕೆಗಾಗಿ ಅವರೂ ಕಡಲು ದಾಟಿ ಹೋದರು. ಮರಳಿ ಬಂದು ಅದೇ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯಲ್ಲಿ ಹೆಂಗಸರ ಸೇವೆ ಮಾಡಿದರು. ಆನಂದಿಬಾಯಿ ಬಿತ್ತಿದ ಬೀಜ ಅದೇ ನೆಲದಲ್ಲಿ ಮೊಳೆಯಿತು. ಬಿತ್ತಿದವರೇ ಉಣ್ಣಬೇಕೆಂದಿಲ್ಲ, ಇದು ರೈತರ ಮಕ್ಕಳಾದ ನಿಮಗೆ ಚೆನ್ನಾಗಿ ಗೊತ್ತು. ಅಜ್ಜ ನೆಟ್ಟ ಮಾವಿನ ಮರದ ಹಣ್ಣನ್ನು ಮೊಮ್ಮಕ್ಕಳು ತಿನ್ನುತ್ತಾರೆ.

ಆನಂದಿಬಾಯಿಯವರನ್ನು ಜಗತ್ತು ಮರೆಯಲಿಲ್ಲ. ಅಮೆರಿಕದಲ್ಲಿ ಕ್ಯಾರೊಲಿನ್ ಡಾಲ್ 1888ರಲ್ಲಿ ಅವರ ಜೀವನಚರಿತ್ರೆ ಬರೆದರು. ಮರಾಠಿಯಲ್ಲಿ ಕಾಶೀಬಾಯಿ ಕಾನಿಟಕರ ಬರೆದರು. ಶುಕ್ರಗ್ರಹದ ಮೇಲಿನ ಒಂದು ಕುಳಿಗೆ ಅವರ ಹೆಸರಿಡಲಾಗಿದೆ. ಸಂಜೆ ಪಡುವಣ ಬಾನಿನಲ್ಲಿ ಶುಕ್ರ ಹೊಳೆಯುವುದನ್ನು ಕಂಡಾಗ, ನಮ್ಮ ಕೊಲ್ಹಾಪುರಕ್ಕೆ ಬರಬೇಕಾಗಿದ್ದ ವೈದ್ಯೆಯ ಹೆಸರು ಅಲ್ಲಿದೆಯೆಂದು ನೆನೆಯಿರಿ.

ಇಂದು ಕಾಲ ಬದಲಾಗಿದೆ. ನಿಮ್ಮ ಊರಿನ ಆಶಾ ತಾಯಿ ಗರ್ಭಿಣಿಯರ ಮನೆಗೆ ಹೋಗಿ ವಿಚಾರಿಸುತ್ತಾರೆ. ಅಂಗನವಾಡಿಯಲ್ಲಿ ತೂಕ ನೋಡುತ್ತಾರೆ. ಧನುರ್ವಾಯು ಬರದಂತೆ ಚುಚ್ಚುಮದ್ದು ಕೊಡುತ್ತಾರೆ. ಹೆರಿಗೆ ನೋವು ಬಂದರೆ 108ಕ್ಕೆ ಫೋನು ಮಾಡಿದರೆ ಗಾಡಿ ಬರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಾದಿಯರು ಇದ್ದಾರೆ. ಹುಟ್ಟಿದ ಕೂಸನ್ನು ತಾಯಿಯ ಎದೆಗೆ ಹಚ್ಚಿ ಬೆಚ್ಚಗಿಡುವುದು, ಮೊದಲ ಗಂಟೆಯಲ್ಲಿಯೇ ಎದೆಹಾಲು ಕುಡಿಸುವುದು, ಹೊಕ್ಕುಳನ್ನು ಒಣದಾಗಿ ಶುಚಿಯಾಗಿ ಇಡುವುದು, ಇವೆಲ್ಲ ಈಗ ಎಲ್ಲರಿಗೂ ತಿಳಿಸಿಕೊಡುವ ಮಾತುಗಳಾಗಿವೆ. ಇವು ದೊಡ್ಡ ಖರ್ಚಿನ ಕೆಲಸಗಳಲ್ಲ. ತಿಳಿದವರು ಹತ್ತಿರದಲ್ಲಿ ಇದ್ದರೆ ಸಾಕು.

ಆದರೂ ಕೆಲಸ ಮುಗಿದಿಲ್ಲ. ಹದಿನೆಂಟು ತುಂಬುವ ಮೊದಲೇ ಹುಡುಗಿಯರ ಮದುವೆ ಮಾಡುವ ಮನೆಗಳು ಇನ್ನೂ ಇವೆ. ಮೈ ಬಲಿಯುವ ಮೊದಲೇ ತಾಯಿಯಾಗುವ ಹುಡುಗಿಯ ಜೀವಕ್ಕೂ ಅವಳ ಕೂಸಿನ ಜೀವಕ್ಕೂ ಅಪಾಯ ಹೆಚ್ಚು. ಆನಂದಿಬಾಯಿಯ ಹತ್ತು ದಿನದ ಕೂಸು ನಮಗೆ ಇದನ್ನೇ ನೆನಪಿಸುತ್ತದೆ. ನಿಮ್ಮ ತರಗತಿಯ ಗೆಳತಿಯೊಬ್ಬಳು ಮದುವೆಯ ಕಾರಣಕ್ಕೆ ಶಾಲೆ ಬಿಡುವಂತಾದರೆ ಸುಮ್ಮನಿರಬೇಡಿ. ನಿಮ್ಮ ಗುರುಗಳಿಗೆ ತಿಳಿಸಿರಿ. ಓದುವ ಹೆಣ್ಣುಮಗಳನ್ನು ಕಂಡು ಬೀದಿಯಲ್ಲಿ ನಗುವವರ ಸಾಲಿನಲ್ಲಿ ನೀವು ನಿಲ್ಲಬೇಡಿ.

ಇನ್ನೊಮ್ಮೆ ಕೊಲ್ಹಾಪುರಕ್ಕೆ ಹೋದಾಗ ಸಿ.ಪಿ.ಆರ್. ಆಸ್ಪತ್ರೆಯ ಮುಂದೆ ಒಂದು ಗಳಿಗೆ ನಿಲ್ಲಿರಿ. ಒಳಗೆ ಯಾವುದೋ ಹಳ್ಳಿಯ ತಾಯಿಯೊಬ್ಬಳು ಕೂಸನ್ನು ಎತ್ತಿಕೊಂಡು ಕುಳಿತಿರುತ್ತಾಳೆ. ಆಕೆಯ ಪಕ್ಕದಲ್ಲಿ ಒಬ್ಬ ವೈದ್ಯೆ ನಿಂತಿರುತ್ತಾಳೆ. ಇಂಥ ದಿನ ಬರಲೆಂದೇ ಆನಂದಿಬಾಯಿ ಕಡಲು ದಾಟಿದ್ದರು.

ಶಬ್ದಾರ್ಥ
ಹಂಬಲ – ತೀವ್ರ ಆಸೆ
ಸೂಲಗಿತ್ತಿ – ಹೆರಿಗೆ ಮಾಡಿಸುವವಳು
ಬಾಣಂತಿ – ಹೊಸದಾಗಿ ಹೆತ್ತ ತಾಯಿ
ಧನುರ್ವಾಯು – ನಂಜಿನಿಂದ ಮೈ ಬಿಲ್ಲಿನಂತೆ ಸೆಟೆದುಕೊಳ್ಳುವ ರೋಗ
ಪ್ರಸೂತಿಶಾಸ್ತ್ರ – ಹೆರಿಗೆಗೆ ಸಂಬಂಧಿಸಿದ ವೈದ್ಯಶಾಸ್ತ್ರ
ತಾತ್ಪರ್ಯ – ಸಾರಾಂಶ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಆನಂದಿಬಾಯಿಯ ತವರಿನ ಹೆಸರೇನು?
2. ಥಿಯೋಡಿಸಿಯಾ ಕಾರ್ಪೆಂಟರ್ ಅವರಿಗೆ ಆನಂದಿಬಾಯಿಯ ವಿಷಯ ಹೇಗೆ ತಿಳಿಯಿತು?
3. ಕೊಲ್ಹಾಪುರದ ಸಿ.ಪಿ.ಆರ್. ಆಸ್ಪತ್ರೆಯ ಹಿಂದಿನ ಹೆಸರೇನು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಆನಂದಿಬಾಯಿ ವೈದ್ಯೆಯಾಗಬೇಕೆಂದು ಏಕೆ ನಿಶ್ಚಯಿಸಿದರು?
2. ಸೇರಾಂಪುರದ ಭಾಷಣದಲ್ಲಿ ಅವರು ಜನರ ಯಾವ ಸಂಶಯಗಳಿಗೆ ಉತ್ತರ ಕೊಟ್ಟರು?
3. ಗೋಪಾಳರಾವರ ಸ್ವಭಾವದ ಎರಡು ಮುಖಗಳನ್ನು ವಿವರಿಸಿರಿ.

ಇ) ಚರ್ಚಿಸಿರಿ.
ಆನಂದಿಬಾಯಿಯವರ ಶ್ರಮ ವ್ಯರ್ಥವಾಗಲಿಲ್ಲ. ಈ ಮಾತನ್ನು ನೀವು ಒಪ್ಪುತ್ತೀರಾ? ಏಕೆ?

ಉಪಕ್ರಮ: ನಿಮ್ಮ ಅಜ್ಜಿಯನ್ನು ಕೇಳಿ, ಅವರ ಕಾಲದಲ್ಲಿ ಹೆರಿಗೆ ಮತ್ತು ಬಾಣಂತನ ಹೇಗೆ ಆಗುತ್ತಿತ್ತು ಎಂಬುದನ್ನು ಬರೆಯಿರಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಭೇಟಿಯಾಗಿ ಅವರ ಒಂದು ದಿನದ ಕೆಲಸವನ್ನು ತಿಳಿದುಕೊಳ್ಳಿರಿ.